ಕ್ಲೌಡ್ ಸರ್ಚ್ ಮತ್ತು ಬಿಲ್ಡರ್: ಪುಣೆ-ಮುಂಬೈ ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ಪುಣೆಯ ಹಿಂಜವಡಿ, ಖರಾಡಿ ಕಡೆ ಕೆಲಸಕ್ಕೆ ಸೇರಿದ ಹುಬ್ಬಳ್ಳಿ, ಬೆಳಗಾವಿ, ಕಲಬುರಗಿಯ ಹುಡುಗರು ಒಂದು ಕಡೆ. ಪುಸ್ತಕಗಳ ಪಟ್ಟಿಯನ್ನು ಆನ್‌ಲೈನ್‌ನಲ್ಲಿ ಹುಡುಕುವಂತೆ ಮಾಡಬೇಕು ಎಂದು ಹಟ ಹಿಡಿದ ಮುಂಬೈಯ ಒಂದು ಕನ್ನಡ ಸಂಘದ ಗ್ರಂಥಾಲಯದವರು ಇನ್ನೊಂದು ಕಡೆ. ಇಬ್ಬರೂ ಕೇಳುವ ಪ್ರಶ್ನೆಗಳು ಸುತ್ತಿ ಸುತ್ತಿ ಅಲ್ಲಿಗೇ ಬರುತ್ತವೆ. ಅದಕ್ಕೇ ಇಲ್ಲಿ ಒಟ್ಟಿಗೆ ಹಾಕಿದ್ದೇನೆ.

ಮಾತು ಮುಖ್ಯವಾಗಿ ಅಜೂರ್ ಎಐ ಸರ್ಚ್ ಬಗ್ಗೆ, ಅಂದರೆ ಮೈಕ್ರೋಸಾಫ್ಟ್ ಕ್ಲೌಡ್‌ನ ಹುಡುಕಾಟದ ಸೇವೆಯ ಬಗ್ಗೆ. 2015ರಲ್ಲಿ ಅದು ಅಜೂರ್ ಸರ್ಚ್ ಆಗಿತ್ತು, 2019ರಲ್ಲಿ ಕಾಗ್ನಿಟಿವ್ ಸರ್ಚ್ ಆಯಿತು, 2023ರಿಂದ ಈಗಿನ ಹೆಸರು. ಹಳೆಯ ಲೇಖನಗಳಲ್ಲಿ ಬೇರೆ ಹೆಸರು ಕಂಡರೆ ಗಾಬರಿ ಬೇಡ, ಎಲ್ಲ ಒಂದೇ. ಕ್ಲಾಸ್, ಮೆಥಡ್‌ಗಳ ಹೆಸರನ್ನು ಉಚ್ಚಾರದಂತೆ ಬರೆದಿದ್ದೇನೆ. ನಿಮ್ಮ ಎಡಿಟರ್ ಉಳಿದದ್ದನ್ನು ತಾನೇ ಸೂಚಿಸುತ್ತದೆ.

## ಶುರು ಮಾಡುವಾಗ

ಅಣ್ಣಾ, ಬಿಲ್ಡರ್ ಅಂದ್ರ ಏನ್ರೀ? ಸೀದಾ ಕ್ಲೈಂಟ್ ಮಾಡಾಕ ಬರೂದಿಲ್ಲೇನು?

ಜಾವಾದಲ್ಲಿ ಬರುವುದಿಲ್ಲ, ಬಿಲ್ಡರ್ ಮೂಲಕವೇ ಹೋಗಬೇಕು. ಸರ್ಚ್ ಸೇವೆಯ ಜೊತೆ ಮಾತಾಡುವ ವಸ್ತುವಿಗೆ ಕ್ಲೈಂಟ್ ಎನ್ನುತ್ತಾರೆ. ಅದಕ್ಕೆ ಬೇಕಾದ ವಿವರ ಒಂದೆರಡಲ್ಲ: ವಿಳಾಸ, ಕೀ, ಇಂಡೆಕ್ಸ್ (ಹುಡುಕಲು ಸಜ್ಜು ಮಾಡಿಟ್ಟ ಪಟ್ಟಿ) ಹೆಸರು, ಎಷ್ಟು ಸಲ ಮರುಪ್ರಯತ್ನ ಮಾಡಬೇಕು, ಲಾಗ್ ಎಷ್ಟು ಬರೆಯಬೇಕು, ಎಪಿಐ ಆವೃತ್ತಿ ಯಾವುದು. ಇವನ್ನೆಲ್ಲ ಒಂದೇ ಕನ್‌ಸ್ಟ್ರಕ್ಟರ್‌ಗೆ ಸುರಿದರೆ ಆರನೆಯ ಆರ್ಗ್ಯುಮೆಂಟ್ ಯಾವುದಕ್ಕೆ ಅಂತ ಬರೆದವರಿಗೇ ನೆನಪಿರುವುದಿಲ್ಲ. ಬಿಲ್ಡರ್‌ನಲ್ಲಿ ಒಂದೊಂದನ್ನೂ ಹೆಸರು ಹೇಳಿ ಕೊಡುತ್ತೀರಿ. ಬೇಡದ್ದನ್ನು ಬಿಡುತ್ತೀರಿ, ಅದಕ್ಕೆ ಡಿಫಾಲ್ಟ್ ಬರುತ್ತದೆ.

ಸಾಲು ಹೀಗೆ ಓಡುತ್ತದೆ: ಹೊಸ ಸರ್ಚ್‌ಕ್ಲೈಂಟ್‌ಬಿಲ್ಡರ್, ಅದಕ್ಕೆ ಎಂಡ್‌ಪಾಯಿಂಟ್, ಅಂದರೆ ವಿಳಾಸ, ಆಮೇಲೆ ಕ್ರೆಡೆನ್ಶಿಯಲ್, ಅಂದರೆ ಕೀ, ಆಮೇಲೆ ಇಂಡೆಕ್ಸ್‌ನೇಮ್, ಕೊನೆಗೆ ಬಿಲ್ಡ್‌ಕ್ಲೈಂಟ್. ನಡುವಿನ ಮೂರರ ಕ್ರಮ ಹಿಂದೆ ಮುಂದೆ ಆದರೂ ನಡೆಯುತ್ತದೆ. ಬಿಲ್ಡ್ ಮಾತ್ರ ಕೊನೆಗೇ ಬರಬೇಕು.

ಮೂರು ಥರದ ಬಿಲ್ಡರ್ ಕಾಣ್ತಿವೆ. ಯಾವುದನ್ನ ಹಿಡೀಲಿ?

ಪುಸ್ತಕ ಹುಡುಕಲು, ಹೊಸ ಪುಸ್ತಕದ ವಿವರ ಸೇರಿಸಲು ಸರ್ಚ್‌ಕ್ಲೈಂಟ್‌ಬಿಲ್ಡರ್. ಇಂಡೆಕ್ಸನ್ನೇ ಕಟ್ಟಲು, ಬದಲಿಸಲು, ಅಳಿಸಲು ಸರ್ಚ್‌ಇಂಡೆಕ್ಸ್‌ಕ್ಲೈಂಟ್‌ಬಿಲ್ಡರ್. ಡೇಟಾಬೇಸ್ ಅಥವಾ ಫೈಲ್ ಇಡುವ ಬ್ಲಾಬ್ ಸ್ಟೋರೇಜ್‌ನಿಂದ ಡೇಟಾ ತಾನಾಗಿಯೇ ಬಂದು ಬೀಳಬೇಕಿದ್ದರೆ ಸರ್ಚ್‌ಇಂಡೆಕ್ಸರ್‌ಕ್ಲೈಂಟ್‌ಬಿಲ್ಡರ್. ಇಂಡೆಕ್ಸ್, ಇಂಡೆಕ್ಸರ್ ಎರಡರ ನಡುವೆ ಇಂಗ್ಲಿಷಿನಲ್ಲಿ ಇರುವುದು ಎರಡೇ ಅಕ್ಷರದ ವ್ಯತ್ಯಾಸ. ಆಟೋ-ಕಂಪ್ಲೀಟ್ ನಂಬಿ ಎಂಟರ್ ಒತ್ತುವವರು ಇಲ್ಲಿ ಸ್ವಲ್ಪ ಕಣ್ಣು ಬಿಟ್ಟು ನೋಡಿ.

ಜನ ಹುಡುಕುವ ಆ್ಯಪ್‌ಗೆ ಮೊದಲನೆಯದು ಸಾಕು. ಉಳಿದ ಎರಡನ್ನು ಬೇರೆಯೇ ಪ್ರಾಜೆಕ್ಟ್‌ನಲ್ಲಿ ಇಡಿ.

ಕಲಿಯೋಕೂ ದುಡ್ಡು ಕೊಡ್ಬೇಕಾ?

ಬೇಡ. ಫ್ರೀ ಟಿಯರ್ ಇದೆ. 50 ಎಂಬಿ ಜಾಗ, 3 ಇಂಡೆಕ್ಸ್. ಒಂದು ಸಬ್‌ಸ್ಕ್ರಿಪ್ಶನ್‌ಗೆ ಒಂದೇ ಫ್ರೀ ಸೇವೆ. ಒಂದು ಗ್ರಂಥಾಲಯದ ಪಟ್ಟಿಗೆ, ಬರೀ ಹೆಸರು, ಲೇಖಕ, ವಿಷಯ ಇದ್ದರೆ, ಇದು ಧಾರಾಳ. ಆದರೆ ಬಹಳ ದಿನ ಮುಟ್ಟದೆ ಬಿಟ್ಟರೆ ಅದನ್ನು ಅವರು ತೆಗೆದುಹಾಕಬಹುದು. ಮುಂದೆ ಹಣ ಕೊಡುವ ಟಿಯರ್‌ಗೆ ಹೋಗಬೇಕಾದರೆ ಇದನ್ನೇ ಏರಿಸಲು ಆಗುವುದಿಲ್ಲ, ಹೊಸ ಸೇವೆ ತೆರೆಯಬೇಕು. ಆಗ ವಿಳಾಸ, ಕೀ ಎರಡೂ ಬದಲಾಗುತ್ತವೆ. ಅವನ್ನು ಕೋಡ್ ಒಳಗೆ ಬರೆಯದೆ ಕಾನ್ಫಿಗ್‌ನಲ್ಲಿ ಇಟ್ಟಿದ್ದರೆ ಆವತ್ತು ನಿಮ್ಮ ಕೆಲಸ ಐದು ನಿಮಿಷದ್ದು.

ಸರ್ವರ್ ಎಲ್ಲಿರುತ್ತೆ? ಅಮೆರಿಕಾನಾ?

ನೀವು ಆರಿಸಿದಲ್ಲಿ. ಪಟ್ಟಿಯಲ್ಲಿ ಸೆಂಟ್ರಲ್ ಇಂಡಿಯಾ ಎಂದು ಇರುವುದು ನಮ್ಮ ಪುಣೆಯೇ. ವೆಸ್ಟ್ ಇಂಡಿಯಾ ಮುಂಬೈ, ಸೌತ್ ಇಂಡಿಯಾ ಚೆನ್ನೈ. ಮೂರೂ 2015ರಿಂದ ಇವೆ. ಸುಮ್ನೆ ಡಿಫಾಲ್ಟ್ ಒಪ್ಪಿಕೊಂಡು ದೂರದ ದೇಶ ಹಿಡಿದರೆ ಪ್ರತಿ ಹುಡುಕಾಟವೂ ಸಮುದ್ರ ದಾಟಿ ಬರಬೇಕು. ಬಿಲ್ಡರ್‌ಗೆ ಮಾತ್ರ ಇದರ ಗೊಡವೆಯಿಲ್ಲ. ಪ್ರದೇಶದ ಹೆಸರನ್ನು ಅದಕ್ಕೆ ಎಲ್ಲೂ ಕೊಡುವುದಿಲ್ಲ, ವಿಳಾಸವೊಂದೇ ಸಾಕು.

ಬಿಲ್ಡ್ ಆಯ್ತು, ಒಂದು ಎರರೂ ಬರ್ಲಿಲ್ಲ. ಕನೆಕ್ಟ್ ಆಯ್ತು ಅಲ್ವಾ?

ಇಲ್ಲ. ಜಾಸ್ತಿ ಜನ ಎಡವುವುದು ಇಲ್ಲೇ.

ಮತ್ಸ್ಯಗಂಧ ರೈಲಿಗೆ ಟಿಕೆಟ್ ಬೇಕೆಂದು ರಿಸರ್ವೇಶನ್ ಫಾರಂ ತುಂಬಿದ ಮಾತ್ರಕ್ಕೆ ಸೀಟು ಸಿಕ್ಕಂತಾಗುವುದಿಲ್ಲ. ಹೆಸರು, ವಯಸ್ಸು ಬರೆದಿಲ್ಲದಿದ್ದರೆ ಫಾರಂ ನೋಡಿದೊಡನೆ ವಾಪಸ್ ಕೊಡುತ್ತಾರೆ. ಸೀಟು ಇದೆಯೋ ಇಲ್ಲವೋ ಆಮೇಲಿನ ಮಾತು. ಬಿಲ್ಡರ್ ಕೂಡ ಅಷ್ಟೇ ನೋಡುತ್ತದೆ. ವಿಳಾಸ ಯುಆರ್‌ಎಲ್ ರೂಪದಲ್ಲಿ ಇಲ್ಲವೇ? ಇಂಡೆಕ್ಸ್ ಹೆಸರು ಕೊಟ್ಟಿಲ್ಲವೇ? ತಕ್ಷಣ ಎಕ್ಸೆಪ್ಶನ್. ಆದರೆ ಬಿಲ್ಡ್‌ಕ್ಲೈಂಟ್ ನೆಟ್‌ವರ್ಕ್ ಮುಟ್ಟುವುದೇ ಇಲ್ಲ. ಕೀ ತಪ್ಪಿದ್ದರೂ, ಆ ಹೆಸರಿನ ಇಂಡೆಕ್ಸೇ ಇಲ್ಲದಿದ್ದರೂ ಕ್ಲೈಂಟ್ ಹುಟ್ಟುತ್ತದೆ.

ನಿಜ ಗೊತ್ತಾಗುವುದು ಮೊದಲ ರಿಕ್ವೆಸ್ಟ್‌ನಲ್ಲಿ. 403 ಬಂದರೆ ಕೀ ಅಥವಾ ಅನುಮತಿ ನೋಡಿ. 404 ಬಂದರೆ ಇಂಡೆಕ್ಸ್ ಹೆಸರು ನೋಡಿ. ಹೋಸ್ಟ್ ಸಿಗಲಿಲ್ಲ ಎಂದರೆ ಸೇವೆಯ ಹೆಸರಿನಲ್ಲಿ ಅಕ್ಷರ ತಪ್ಪಿದೆ. ಆ್ಯಪ್ ಶುರುವಾದೊಡನೆ ಡಾಕ್ಯುಮೆಂಟ್ (ಇಂಡೆಕ್ಸ್‌ನಲ್ಲಿ ಒಂದೊಂದು ಪುಸ್ತಕದ ದಾಖಲೆ) ಎಣಿಕೆಯನ್ನು ಒಂದು ಸಲ ಕೇಳಿ. ಬಳಕೆದಾರರಿಗಿಂತ ಮೊದಲು ನಿಮಗೆ ಗೊತ್ತಾಗುತ್ತದೆ.

## ಕೀ ಮತ್ತು ಅನುಮತಿ

ಕೀಯನ್ನು ಕೋಡ್‌ನಲ್ಲೇ ಹಾಕಿದ್ರೆ ಏನಾಗ್ತದೆ ಮಾರಾಯ್ರೆ? ಪ್ರೈವೇಟ್ ರೆಪೊ ಅಲ್ವಾ?

ಇವತ್ತು ಪ್ರೈವೇಟ್. ನಾಳೆ ಯಾರೋ ಲ್ಯಾಪ್‌ಟಾಪ್‌ಗೆ ಇಳಿಸಿಕೊಳ್ಳುತ್ತಾರೆ, ನಾಡಿದ್ದು ಸ್ಕ್ರೀನ್‌ಶಾಟ್ ಗ್ರೂಪ್‌ಗೆ ಬೀಳುತ್ತದೆ. ಅಡ್ಮಿನ್ ಕೀ ಸಿಕ್ಕವರು ಇಂಡೆಕ್ಸನ್ನೇ ಅಳಿಸಬಹುದು.

ಕೀಗಳಲ್ಲಿ ಎರಡು ಬಗೆ. ಅಡ್ಮಿನ್ ಕೀ ಎರಡು, ಅವಕ್ಕೆ ಎಲ್ಲ ಅಧಿಕಾರ. ಕ್ವೆರಿ ಕೀ 50ರವರೆಗೆ ಮಾಡಿಕೊಳ್ಳಬಹುದು, ಅವಕ್ಕೆ ಬರೀ ಓದುವ ಅಧಿಕಾರ. ಹುಡುಕುವ ಆ್ಯಪ್‌ಗೆ ಕ್ವೆರಿ ಕೀ ಕೊಡಿ, ಅದೂ ಎನ್ವಿರಾನ್ಮೆಂಟ್ ವೇರಿಯಬಲ್ ಅಥವಾ ಗುಟ್ಟಿನ ಕೀಗಳನ್ನು ಇಡುವ ಕೀ ವಾಲ್ಟ್ ಮೂಲಕ.

ಅಡ್ಮಿನ್ ಕೀ ಎರಡೇಕೆ ಅಂದರೆ, ಸೇವೆ ನಿಲ್ಲಿಸದೆ ಬದಲಿಸಲು. ಮೊದಲು ಆ್ಯಪನ್ನು ಎರಡನೆಯ ಕೀಗೆ ಸರಿಸಿ, ಆಮೇಲೆ ಮೊದಲನೆಯದನ್ನು ಹೊಸದಾಗಿ ಹುಟ್ಟಿಸಿ. ಇದಕ್ಕಾಗಿ ಮತ್ತೆ ಬಿಲ್ಡ್ ಮಾಡಬೇಕಿಲ್ಲ. ಬಿಲ್ಡರ್‌ಗೆ ಕೊಟ್ಟ ಅಜೂರ್‌ಕೀಕ್ರೆಡೆನ್ಶಿಯಲ್ ವಸ್ತುವನ್ನು ಕೈಯಲ್ಲಿ ಇಟ್ಟುಕೊಂಡಿರಿ. ಅದರ ಅಪ್‌ಡೇಟ್ ಮೆಥಡ್‌ಗೆ ಹೊಸ ಕೀ ಕೊಟ್ಟರೆ ಓಡುತ್ತಿರುವ ಕ್ಲೈಂಟ್ ಮುಂದಿನ ರಿಕ್ವೆಸ್ಟ್‌ನಿಂದಲೇ ಅದನ್ನು ಬಳಸುತ್ತದೆ.

ಕೀ ಗೋಜೇ ಬೇಡ ಅಂತ ಡಿಫಾಲ್ಟ್ ಕ್ರೆಡೆನ್ಶಿಯಲ್ ಹಾಕಿದೆ. ನಾನೇ ಓನರ್, ಆದ್ರೂ 403!

ಡಿಫಾಲ್ಟ್ ಕ್ರೆಡೆನ್ಶಿಯಲ್ ಕೀ ಬದಲು ನಿಮ್ಮ ಲಾಗಿನ್‌ನ ಟೋಕನ್ ಕಳಿಸುತ್ತದೆ, ನಿಮಗಿರುವ ಪಾತ್ರ ನೋಡಿ ಅನುಮತಿ ಸಿಗುತ್ತದೆ. ಓನರ್ ಆಗಿದ್ದರೆ ಸೇವೆಯನ್ನು ನಡೆಸಬಹುದು. ಒಳಗಿನ ಡಾಕ್ಯುಮೆಂಟ್ ಓದುವ ಪಾತ್ರವೇ ಬೇರೆ. ಹುಡುಕಲು ಸರ್ಚ್ ಇಂಡೆಕ್ಸ್ ಡೇಟಾ ರೀಡರ್ ಬೇಕು, ಡಾಕ್ಯುಮೆಂಟ್ ಸೇರಿಸಲು ಸರ್ಚ್ ಇಂಡೆಕ್ಸ್ ಡೇಟಾ ಕಾಂಟ್ರಿಬ್ಯೂಟರ್. ಸರ್ಚ್ ಸರ್ವಿಸ್ ಕಾಂಟ್ರಿಬ್ಯೂಟರ್ ಎಂಬ ಇನ್ನೊಂದು ಪಾತ್ರ ಹೆಸರಿನಲ್ಲಿ ಜೋರಾಗಿದೆ. ಅದಿದ್ದರೆ ಇಂಡೆಕ್ಸ್ ಕಟ್ಟಬಹುದು, ಆದರೆ ಕಟ್ಟಿದ ಇಂಡೆಕ್ಸ್‌ಗೆ ಒಂದು ಡಾಕ್ಯುಮೆಂಟ್ ತುಂಬಲೂ ಆಗುವುದಿಲ್ಲ, ಅದರಲ್ಲಿ ಹುಡುಕಲೂ ಆಗುವುದಿಲ್ಲ!

ಪಾತ್ರ ಸರಿಯಿದ್ದೂ 403 ಬರುತ್ತಿದ್ದರೆ ಪೋರ್ಟಲ್‌ನಲ್ಲಿ ಕೀಸ್ ಪುಟ ತೆರೆಯಿರಿ. ಅಲ್ಲಿ ಬರೀ ಎಪಿಐ ಕೀ ಎಂದಿದ್ದರೆ ಟೋಕನ್ ನಡೆಯುವುದಿಲ್ಲ. ಎರಡೂ ಅಥವಾ ಪಾತ್ರ ಆಧಾರಿತ ಎಂದು ಬದಲಿಸಿ. ಪಾತ್ರ ಕೊಟ್ಟ ಮೇಲೆ ಅದು ಹತ್ತಲು ಕೆಲವು ನಿಮಿಷ ಬೇಕು. ಒಂದು ಚಹಾ ಕುಡಿದು ಬನ್ನಿ.

ಡಾಟ್‌ನೆಟ್‌ನಲ್ಲಿ ಸರ್ಚ್‌ಕ್ಲೈಂಟ್‌ಬಿಲ್ಡರ್ ಅನ್ನೋದೇ ಇಲ್ವಲ್ಲ?

ಇಲ್ಲ. ಅಲ್ಲಿ ಕನ್‌ಸ್ಟ್ರಕ್ಟರ್ ಇದೆ, ಜೊತೆಗೆ ಸರ್ಚ್‌ಕ್ಲೈಂಟ್‌ಆಪ್ಶನ್ಸ್. ಆದರೆ ವೆಬ್ ಆ್ಯಪ್ ಶುರುವಾಗುವ ಕಡೆ ಆ್ಯಡ್‌ಅಜೂರ್‌ಕ್ಲೈಂಟ್ಸ್ ಎಂದು ಕರೆದರೆ ಒಳಗೊಂದು ಬಿಲ್ಡರ್ ಸಿಗುತ್ತದೆ. ಅದಕ್ಕೆ ಆ್ಯಡ್‌ಸರ್ಚ್‌ಕ್ಲೈಂಟ್, ಆ್ಯಡ್‌ಸರ್ಚ್‌ಇಂಡೆಕ್ಸ್‌ಕ್ಲೈಂಟ್ ಎಂಬ ವಿಸ್ತರಣೆಗಳಿವೆ. ಕಾನ್ಫಿಗ್ ಫೈಲಿನ ಒಂದು ವಿಭಾಗವನ್ನು ತೋರಿಸಿದರೆ ವಿಳಾಸ, ಇಂಡೆಕ್ಸ್ ಹೆಸರು, ಕೀ ಎಲ್ಲ ಅದೇ ಓದಿಕೊಳ್ಳುತ್ತದೆ. ನನ್ನ ಮಟ್ಟಿಗೆ ಇದು ಜಾವಾಕ್ಕಿಂತ ಅಚ್ಚುಕಟ್ಟು.

ಪ್ರತಿ ರಿಕ್ವೆಸ್ಟ್‌ಗೂ ಹೊಸ ಕ್ಲೈಂಟ್ ಬಿಲ್ಡ್ ಮಾಡ್ಬೇಕಾ?

ಬೇಡ. ಒಮ್ಮೆ ಕಟ್ಟಿ, ಎಲ್ಲರೂ ಹಂಚಿಕೊಳ್ಳಲಿ. ಕ್ಲೈಂಟ್ ಥ್ರೆಡ್-ಸೇಫ್, ಅಂದರೆ ಒಂದೇ ಹೊತ್ತಿಗೆ ಹಲವು ಕಡೆಯಿಂದ ಬಳಸಿದರೂ ಕೆಡುವುದಿಲ್ಲ. ಬಿಲ್ಡರ್ ಹಾಗಲ್ಲ, ಅದನ್ನು ಥ್ರೆಡ್‌ಗಳ ನಡುವೆ ಓಡಾಡಿಸಬೇಡಿ.

## ಇಂಡೆಕ್ಸ್ ಮತ್ತು ಕನ್ನಡ

ಫೀಲ್ಡ್‌ಗಳನ್ನೂ ಬಿಲ್ಡರೇ ಮಾಡಿಕೊಡುತ್ತಂತೆ, ಹೌದಾ?

ಹೌದು. ಫೀಲ್ಡ್ ಅಂದರೆ ಶೀರ್ಷಿಕೆ, ವರ್ಷದಂಥ ಒಂದೊಂದು ವಿವರ. ಪುಸ್ತಕ ಎಂಬ ಕ್ಲಾಸ್ ಬರೆದು ಪ್ರತಿ ಪ್ರಾಪರ್ಟಿಯ ಮೇಲೆ ಗುರುತು ಹಾಕಿ. ಐಡಿ, ವರ್ಷಕ್ಕೆ ಸಿಂಪಲ್‌ಫೀಲ್ಡ್. ಶೀರ್ಷಿಕೆ, ಪರಿಚಯಕ್ಕೆ ಸರ್ಚೆಬಲ್‌ಫೀಲ್ಡ್. ಡಾಟ್‌ನೆಟ್‌ನಲ್ಲಿ ಫೀಲ್ಡ್‌ಬಿಲ್ಡರ್, ಜಾವಾದಲ್ಲಿ ಬಿಲ್ಡ್‌ಸರ್ಚ್‌ಫೀಲ್ಡ್ಸ್ ಮೆಥಡ್ ಆ ಕ್ಲಾಸ್ ನೋಡಿ ಫೀಲ್ಡ್‌ಗಳ ಪಟ್ಟಿ ಕೊಡುತ್ತದೆ.

ಎಲ್ಲಕ್ಕೂ ಫಿಲ್ಟರೆಬಲ್ (ಸೋಸಲು), ಸಾರ್ಟೆಬಲ್ (ಕ್ರಮವಾಗಿ ಜೋಡಿಸಲು), ಫೇಸೆಟೆಬಲ್ (ಗುಂಪು ಮಾಡಿ ಎಣಿಸಲು) ಎಂದು ಹಾಕುವ ಚಟ ಬಿಡಿ. ಜಾಗ ತಿನ್ನುತ್ತದೆ, ಅಷ್ಟೇ ಅಲ್ಲ. ಇಂಥ ಫೀಲ್ಡ್‌ನ ಪಠ್ಯ 32 ಕೆಬಿ ಮೀರುವಂತಿಲ್ಲ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಯೂನಿಕೋಡ್ ಚಿಹ್ನೆಗೂ 3 ಬೈಟ್. ಇಂಗ್ಲಿಷಿನಲ್ಲಿ ಆರಾಮಾಗಿ ಹೋಗುವ ಉದ್ದದ ಪರಿಚಯ ಕನ್ನಡದಲ್ಲಿ ಮೂರನೇ ಒಂದು ಭಾಗಕ್ಕೇ ಮಿತಿ ಮುಟ್ಟುತ್ತದೆ. ‘ಸ್ತ್ರೀ’ ಎಂಬ ಒಂದೇ ಒತ್ತಕ್ಷರ ಬರೆಯಲು 6 ಚಿಹ್ನೆ, ಅಂದರೆ 18 ಬೈಟ್. ಉದ್ದದ ಪಠ್ಯ ಹುಡುಕಲು ಮಾತ್ರ ಇರಲಿ.

ಅನಲೈಸರ್ ಆಮೇಲೆ ಬದಲಾಯಿಸ್ಕೊಂಡ್ರೆ ಆಗಲ್ವಾ?

ಆಗುವುದಿಲ್ಲ. ಅನಲೈಸರ್ ಅಂದರೆ ಪಠ್ಯವನ್ನು ಹುಡುಕಲು ಬರುವಂಥ ಪದಗಳಾಗಿ ಒಡೆಯುವ ಭಾಗ. ಹೊಸ ಫೀಲ್ಡ್ ಸೇರಿಸಬಹುದು. ಇರುವ ಫೀಲ್ಡ್‌ನ ಬಗೆ, ಹೆಸರು, ಅನಲೈಸರ್ ಬದಲಿಸಬೇಕೆಂದರೆ ಇಂಡೆಕ್ಸನ್ನು ಮತ್ತೆ ಕಟ್ಟಿ ಡೇಟಾ ಮತ್ತೆ ತುಂಬಬೇಕು. ಬಿಲ್ಡರ್‌ನಲ್ಲಿ ಏನೇ ತಪ್ಪಾದರೂ ಒಂದು ಸಾಲು ತಿದ್ದಿ ಆ್ಯಪ್ ಮತ್ತೆ ಶುರು ಮಾಡಿದರೆ ಮುಗಿಯಿತು. ಫೀಲ್ಡ್‌ನಲ್ಲಿ ತಪ್ಪಿದರೆ ಇಡೀ ಶನಿವಾರ ಹೋಯಿತು. ಹುಡುಗರು ಇದನ್ನು ಉಲ್ಟಾ ಮಾಡುತ್ತಾರೆ: ಬಿಲ್ಡರ್ ಮೇಲೆ ಎರಡು ದಿನ, ಫೀಲ್ಡ್ ಮೇಲೆ ಹತ್ತು ನಿಮಿಷ.

ಇಂಡೆಕ್ಸ್ ಹೆಸರಿನ ಕೊನೆಗೆ ಆವೃತ್ತಿ ಸಂಖ್ಯೆ ಇಡಿ, ಪುಸ್ತಕ-1, ಪುಸ್ತಕ-2 ಎಂಬಂತೆ. ಹೆಸರು ಇಂಗ್ಲಿಷ್ ಸಣ್ಣಕ್ಷರದಲ್ಲೇ ಇರಬೇಕು. ಎರಡನೆಯದನ್ನು ಪಕ್ಕದಲ್ಲೇ ಕಟ್ಟಿ, ತುಂಬಿ, ಪರೀಕ್ಷಿಸಿ, ಆಮೇಲೆ ಬಿಲ್ಡರ್ ಓದುವ ಕಾನ್ಫಿಗ್‌ನಲ್ಲಿ ಹೆಸರು ಬದಲಿಸಿ. ಹಳೆಯದನ್ನು ಕೂಡಲೇ ಅಳಿಸಬೇಡಿ.

ಸರ್, ಪುಸ್ತಕ ಕಣ್ಣೆದುರೇ ಇದೆ. ಕನ್ನಡದಲ್ಲಿ ಟೈಪ್ ಮಾಡಿದ್ರೆ ಮಾತ್ರ ಸಿಗ್ತಾ ಇಲ್ಲ!

ಇದು ಬರೀ ಒಂದು ತೊಂದರೆ ಅಲ್ಲ, ನಾಲ್ಕೈದು ಸೇರಿಕೊಂಡಿವೆ. ಒಂದೊಂದಾಗಿ ಬಿಡಿಸಿ.

ಮೊದಲು ಡೇಟಾ ಯೂನಿಕೋಡ್ ಹೌದೋ ಅಲ್ಲವೋ ನೋಡಿ. ಸಂಘದ ಪಟ್ಟಿ ಬಂದದ್ದು ಹಳೆಯ ನುಡಿ ಫಾಂಟಿನಲ್ಲಿ. ಅವರ ಕಂಪ್ಯೂಟರ್‌ನಲ್ಲಿ ಚೆಂದದ ಕನ್ನಡ. ಫಾಂಟ್ ಇಲ್ಲದ ಕಡೆ ತೆರೆದರೆ ಇಂಗ್ಲಿಷ್ ಅಕ್ಷರಗಳ ತಲೆಯ ಮೇಲೆ ಗೀರು, ಚುಕ್ಕೆ ಹಾಕಿದಂತೆ ಕಾಣುತ್ತದೆ. ಸರ್ಚ್ ಸೇವೆಗೂ ಕಾಣುವುದು ಅದೇ. ನುಡಿ, ಬರಹ ತಂತ್ರಾಂಶಗಳಲ್ಲೇ ಯೂನಿಕೋಡ್‌ಗೆ ಪರಿವರ್ತಿಸುವ ಸೌಲಭ್ಯ ಇದೆ. ಪರಿವರ್ತಿಸಿದ ಮೇಲೆ ಅರ್ಕಾವತ್ತು ಇರುವ ಪದಗಳನ್ನು ಒಮ್ಮೆ ಕಣ್ಣಾರೆ ನೋಡಿ: ಸೂರ್ಯ, ಧರ್ಮ, ಕರ್ನಾಟಕ. ಕೆಡುವುದಿದ್ದರೆ ಹೆಚ್ಚಾಗಿ ಅಲ್ಲೇ.

ಎರಡನೆಯದು, ಒಂದೇ ರೀತಿ ಕಾಣುವ ಅಕ್ಷರ ಒಳಗೆ ಎರಡು ರೀತಿ ಇರಬಹುದು. ‘ಕೊ’ದ ಒತ್ವ ಒಂದೇ ಚಿಹ್ನೆಯಾಗಿಯೂ ಬರುತ್ತದೆ, ಎತ್ವದ ಮುಂದೆ ಊತ್ವ ಇಟ್ಟು ಎರಡು ಚಿಹ್ನೆಯಾಗಿಯೂ ಬರುತ್ತದೆ. ಕಣ್ಣಿಗೆ ವ್ಯತ್ಯಾಸವಿಲ್ಲ, ಬೈಟ್‌ಗಳು ಬೇರೆ. ದೀರ್ಘಗಳಿಗೂ ಇದೇ ಕಥೆ. ಎನ್‌ಎಫ್‌ಸಿ ನಾರ್ಮಲೈಸೇಶನ್ ಎಂಬ ಒಂದೇ ಕರೆ ಇವನ್ನು ಒಂದಾಗಿಸುತ್ತದೆ. ಇಂಡೆಕ್ಸ್‌ಗೆ ಕಳಿಸುವ ಮೊದಲೂ ಮಾಡಿ, ಬಳಕೆದಾರರು ಟೈಪ್ ಮಾಡಿದ್ದಕ್ಕೂ ಮಾಡಿ. ಕೊನೆಗೆ ಸ್ಟಾರ್ ಹಾಕಿದ ಹುಡುಕಾಟ, ಫಝಿ (ಒಂದೆರಡು ಅಕ್ಷರ ತಪ್ಪಿದರೂ ಹಿಡಿಯುವ) ಹುಡುಕಾಟ ಇವುಗಳಲ್ಲಿ ಅನಲೈಸರ್ ಆ ಪದವನ್ನು ಮುಟ್ಟುವುದೇ ಇಲ್ಲ. ಹಾಗಾಗಿ ಈ ಕೆಲಸ ನಿಮ್ಮ ಕೋಡ್‌ನಲ್ಲೇ ಇರಬೇಕು.

ಮೂರನೆಯದು ಕಣ್ಣಿಗೆ ಕಾಣದ ಅಕ್ಷರ. ‘ಸಾಫ್ಟ್‌ವೇರ್’ ಎಂದು ಒತ್ತು ಬರದಂತೆ ಬರೆಯಲು ನಡುವೆ ಅಗಲವಿಲ್ಲದ ಒಂದು ಚಿಹ್ನೆ ಕೂರುತ್ತದೆ. ಮೊಬೈಲ್‌ನಲ್ಲಿ ಟೈಪ್ ಮಾಡುವವರು ಅದನ್ನು ಹಾಕದೆಯೂ ಇರಬಹುದು. ನಾನು ತೋರಿಸಲು ಒಂದು ಫೀಲ್ಡ್, ಹುಡುಕಲು ಇನ್ನೊಂದು ಫೀಲ್ಡ್ ಇಡುತ್ತೇನೆ. ಹುಡುಕುವ ಪ್ರತಿಯಿಂದ ಈ ಚಿಹ್ನೆ ತೆಗೆದುಬಿಡುತ್ತೇನೆ. ೧೯೭೮ ಎಂದಿದ್ದರೆ ಅದನ್ನೂ 1978 ಮಾಡುತ್ತೇನೆ.

ಇಷ್ಟಾದ ಮೇಲೆ ಅನಲೈಸರ್. ಲುಸೀನ್ ಎಂಬ ಮುಕ್ತ ಹುಡುಕಾಟ ತಂತ್ರಾಂಶದಲ್ಲಿ ಕನ್ನಡಕ್ಕೆಂದೇ ಅನಲೈಸರ್ ಇಲ್ಲ. ಆದರೆ ಈ ಸೇವೆಯಲ್ಲಿ ಮೈಕ್ರೋಸಾಫ್ಟ್‌ನವರದೇ ಕನ್ನಡ ಅನಲೈಸರ್ ಇದೆ. ಪಟ್ಟಿಯಲ್ಲಿ ಕೆಎನ್ ಡಾಟ್ ಮೈಕ್ರೋಸಾಫ್ಟ್ ಎಂದು ಕಾಣುತ್ತದೆ. ಪುಸ್ತಕ, ಪುಸ್ತಕದ, ಪುಸ್ತಕಗಳಲ್ಲಿ ಎಂದು ವಿಭಕ್ತಿ ಅಂಟಿಸಿಕೊಂಡೇ ಓಡಾಡುವ ಭಾಷೆ ನಮ್ಮದು. ಹಾಗಾಗಿ ಸ್ಟ್ಯಾಂಡರ್ಡ್ ಅನಲೈಸರ್‌ಗೆ ಇವು ಮೂರು ಬೇರೆ ಬೇರೆ ಪದ. ಕನ್ನಡ ಅನಲೈಸರ್ ಮೂಲರೂಪ ಹುಡುಕುವ ಪ್ರಯತ್ನ ಮಾಡುತ್ತದೆ. ಕಣ್ಣು ಮುಚ್ಚಿ ನಂಬಬೇಡಿ. ಇಂಡೆಕ್ಸ್ ಕ್ಲೈಂಟ್‌ನಲ್ಲಿ ಅನಲೈಸ್‌ಟೆಕ್ಸ್ಟ್ ಎಂಬ ಕರೆ ಇದೆ. ನಿಮ್ಮ ಪಟ್ಟಿಯಿಂದಲೇ ಐವತ್ತು ಶೀರ್ಷಿಕೆ ಕೊಟ್ಟು ಏನು ಹೊರಬರುತ್ತದೆ ನೋಡಿ. ಡೇಟಾ ತುಂಬುವುದು ಇದರಿಂದ ಸ್ವಲ್ಪ ನಿಧಾನವಾಗುತ್ತದೆ. ಗ್ರಂಥಾಲಯದ ಗಾತ್ರಕ್ಕೆ ಅದು ಲೆಕ್ಕಕ್ಕಿಲ್ಲ.

ಮುಂಬಯಿ ಅಂದ್ರೆ ಒಂದಷ್ಟು ಬರ್ತವೆ, ಬೊಂಬಾಯಿ ಅಂದ್ರೆ ಬೇರೆ ಬರ್ತವೆ. ಏನು ಮಾಡೋದು?

ಸಿನೊನಿಮ್ ಮ್ಯಾಪ್, ಅಂದರೆ ಸಮಾನ ಪದಗಳ ಪಟ್ಟಿ, ಹಾಕಿ. ಮುಂಬಯಿ, ಮುಂಬೈ, ಬೊಂಬಾಯಿ, ಬಾಂಬೆ ಎಂದು ಒಂದೇ ಸಾಲಿನಲ್ಲಿ ಅಲ್ಪವಿರಾಮ ಕೊಟ್ಟು ಬರೆಯಿರಿ. ಪುಣೆ, ಪೂನಾ ಇನ್ನೊಂದು ಸಾಲು. ಮ್ಯಾಪನ್ನು ಇಂಡೆಕ್ಸ್ ಕ್ಲೈಂಟ್‌ನಿಂದ ಸೃಷ್ಟಿಸಿ ಫೀಲ್ಡ್‌ಗೆ ಅಂಟಿಸಬೇಕು. ಇದು ಹುಡುಕುವ ಹೊತ್ತಿನಲ್ಲಿ ಕೆಲಸ ಮಾಡುವುದರಿಂದ ಸಾಲು ಸೇರಿಸಿದರೆ ಡೇಟಾ ಮತ್ತೆ ತುಂಬಬೇಕಿಲ್ಲ. ಗ್ರಂಥಾಲಯದ ಹಿರಿಯರನ್ನು ಕೂರಿಸಿಕೊಂಡು ಪಟ್ಟಿ ಬರೆಸಿ. ಓದುಗರು ಏನೆಂದು ಕೇಳುತ್ತಾರೆ ಅಂತ ಅವರಿಗೆ ಗೊತ್ತಿರುವಷ್ಟು ನಮಗೆ ಗೊತ್ತಿರುವುದಿಲ್ಲ.

ತುಳು, ಕೊಂಕಣಿ ಪುಸ್ತಕಗಳೂ ಉಂಟು. ಅವಕ್ಕೆ?

ಆ ಎರಡಕ್ಕೂ ಪ್ರತ್ಯೇಕ ಅನಲೈಸರ್ ಇಲ್ಲ, ಮರಾಠಿಗೆ ಇದೆ. ತುಳು ಕನ್ನಡ ಲಿಪಿಯಲ್ಲಿದೆ ಎಂದು ಕನ್ನಡ ಅನಲೈಸರ್‌ಗೆ ಕೊಡಬೇಡಿ, ಬೇರೆ ಭಾಷೆಯ ನಿಯಮ ಹೇರಿದಂತಾಗುತ್ತದೆ. ಸ್ಟ್ಯಾಂಡರ್ಡ್ ಅನಲೈಸರ್ ಇರಲಿ. ಭಾಷೆಗೊಂದು ಶೀರ್ಷಿಕೆ ಫೀಲ್ಡ್ ಮಾಡಿ. ಗೋವಾದಿಂದ ಬಂದ ಕೊಂಕಣಿ ದೇವನಾಗರಿಯಲ್ಲೂ ರೋಮನ್‌ನಲ್ಲೂ ಇರುತ್ತದೆ, ಮಂಗಳೂರಿನದು ಕನ್ನಡ ಲಿಪಿಯಲ್ಲಿ. ಲಿಪಿ ಯಾವುದೆಂದು ಹೇಳುವ ಫೀಲ್ಡ್ ಒಂದಿರಲಿ, ಫಿಲ್ಟರ್ ಮಾಡಲು ಬೇಕಾಗುತ್ತದೆ.

ಪುಸ್ತಕದ ಕನ್ನಡ ಹೆಸರನ್ನೇ ಡಾಕ್ಯುಮೆಂಟ್ ಕೀ ಮಾಡಬಹುದಾ?

ಆಗುವುದಿಲ್ಲ. ಇಲ್ಲಿ ಕೀ ಅಂದರೆ ಒಂದೊಂದು ಡಾಕ್ಯುಮೆಂಟಿನ ಗುರುತು, ಮೇಲೆ ಹೇಳಿದ ಗುಟ್ಟಿನ ಕೀ ಅಲ್ಲ. ಈ ಕೀಯಲ್ಲಿ ಇಂಗ್ಲಿಷ್ ಅಕ್ಷರ, ಅಂಕಿ, ಅಂಡರ್‌ಸ್ಕೋರ್, ಡ್ಯಾಶ್, ಸಮ ಚಿಹ್ನೆ ಇಷ್ಟೇ ನಡೆಯುತ್ತವೆ. ಗ್ರಂಥಾಲಯದವರು ಪ್ರತಿ ಪುಸ್ತಕಕ್ಕೆ ಕೊಡುವ ಪರಿಗ್ರಹಣ ಸಂಖ್ಯೆಯೇ ಒಳ್ಳೆಯ ಕೀ. ಅದರಲ್ಲಿ ಓರೆಗೆರೆ ಇದ್ದರೆ ಡ್ಯಾಶ್ ಮಾಡಿಕೊಳ್ಳಿ.

## ಸ್ವಲ್ಪ ಮುಂದೆ ಹೋದವರಿಗೆ

ಐದು ಸಾವಿರ ಪುಸ್ತಕ ಒಟ್ಟಿಗೆ ಕಳಿಸಿದೆ. ಬರಲೇ ಇಲ್ಲ!

ಒಂದು ಬ್ಯಾಚ್‌ಗೆ 1,000 ಡಾಕ್ಯುಮೆಂಟ್ ಅಥವಾ 16 ಎಂಬಿ, ಯಾವುದು ಮೊದಲೋ ಅದು ಮಿತಿ. ಒಡೆದು ಕಳಿಸಿ. ಬ್ಯಾಚ್‌ನ ಕೆಲವು ಸೇರಿ ಕೆಲವು ಬಿದ್ದುಹೋದರೆ 207 ಎಂಬ ಉತ್ತರ ಬರುತ್ತದೆ. ಜಾವಾ ಆಗ ಎಕ್ಸೆಪ್ಶನ್ ಎಸೆಯುತ್ತದೆ. ಡಾಟ್‌ನೆಟ್ ಸುಮ್ಮನಿರುತ್ತದೆ. ಥ್ರೋ‌ಆನ್‌ಎನಿಎರರ್ ಆನ್ ಮಾಡಿ, ಇಲ್ಲವೇ ಪ್ರತಿ ಡಾಕ್ಯುಮೆಂಟ್‌ನ ಫಲಿತಾಂಶ ಓದಿ.

ಬಫರ್ಡ್ ಸೆಂಡರ್ ಹಾಕಿದ್ಮೇಲೆ ಕೊನೆಯ ನೂರಿನ್ನೂರು ಪುಸ್ತಕ ಕಾಣೆ. ಯಾಕೆ?

ಕ್ಲೋಸ್ ಮಾಡಿಲ್ಲ. ಬಿಲ್ಡರ್‌ನಿಂದ ಸಿಗುವ ಈ ಸೆಂಡರ್ ಡಾಕ್ಯುಮೆಂಟ್‌ಗಳನ್ನು ಕೂಡಿಹಾಕಿ, 512 ಆದಾಗ ಅಥವಾ 60 ಸೆಕೆಂಡ್ ಕಳೆದಾಗ ಕಳಿಸುತ್ತದೆ, ಅದು ಡಿಫಾಲ್ಟ್. ಪ್ರೋಗ್ರಾಂ ಅದಕ್ಕೂ ಮೊದಲೇ ಮುಗಿದರೆ ಬಫರ್‌ನಲ್ಲಿದ್ದದ್ದು ಅಲ್ಲೇ ಹೋಗುತ್ತದೆ. ಕ್ಲೋಸ್ ಕರೆದರೆ ಉಳಿದದ್ದನ್ನು ಕಳಿಸಿಯೇ ಮುಚ್ಚುತ್ತದೆ.

ರಿಟ್ರೈ ನಾನೇ ಬರೀಲಾ?

ಬೇಕಿಲ್ಲ. ಜಾವಾದಲ್ಲಿ ಡಿಫಾಲ್ಟ್ ಆಗಿ 3 ಮರುಪ್ರಯತ್ನ, ನಡುವಿನ ಕಾಯುವಿಕೆ 800 ಮಿಲಿಸೆಕೆಂಡ್‌ನಿಂದ ಬೆಳೆಯುತ್ತಾ 8 ಸೆಕೆಂಡ್‌ವರೆಗೆ. ಬದಲಿಸಬೇಕಿದ್ದರೆ ರಿಟ್ರೈಆಪ್ಶನ್ಸ್ ಕೊಡಿ, ಇಲ್ಲವೇ ರಿಟ್ರೈಪಾಲಿಸಿ ಕೊಡಿ. ಎರಡನ್ನೂ ಕೊಟ್ಟರೆ ಬಿಲ್ಡ್ ಮಾಡುವಾಗಲೇ ಎಕ್ಸೆಪ್ಶನ್.

ಬಿಲ್ಡರ್‌ಗೆ ಎಲ್ಲ ಕೊಟ್ಟಿದ್ದೀನಿ, ಆದರೂ ಲಾಗ್ ಇಲ್ಲ, ರಿಟ್ರೈ ಇಲ್ಲ, ಕೀ ಕೂಡ ಹೋಗ್ತಿಲ್ಲ. ದೆವ್ವ ಹಿಡಿದಿದೆಯಾ?

ಕೋಡ್‌ನಲ್ಲಿ ಪೈಪ್‌ಲೈನ್ ಎಂಬ ಪದ ಹುಡುಕಿ. ಯಾರೋ ಹಿಂದಿನವರು ಎಚ್‌ಟಿಟಿಪಿ ಪೈಪ್‌ಲೈನ್ (ಪ್ರತಿ ರಿಕ್ವೆಸ್ಟ್ ಹಾದುಹೋಗುವ ಹಂತಗಳ ಸರಣಿ) ಕೊಟ್ಟು ಹೋಗಿರುತ್ತಾರೆ. ಅದನ್ನು ಕೊಟ್ಟರೆ ಬಿಲ್ಡರ್ ವಿಳಾಸ, ಇಂಡೆಕ್ಸ್ ಹೆಸರು ಬಿಟ್ಟು ಹೆಚ್ಚುಕಡಿಮೆ ಉಳಿದೆಲ್ಲವನ್ನೂ ಬದಿಗಿಡುತ್ತದೆ, ಅದೂ ಒಂದು ಮಾತೂ ಆಡದೆ. ಕ್ರೆಡೆನ್ಶಿಯಲ್, ರಿಟ್ರೈ, ಲಾಗ್ ಎಲ್ಲ ಆ ಪೈಪ್‌ಲೈನ್ ಒಳಗೇ ಇರಬೇಕು. ನಿಮಗೆ ಬೇಕಿರುವುದು ಒಂದು ಹೆಡರ್ ಸೇರಿಸುವಷ್ಟೇ ಆದರೆ ಪೈಪ್‌ಲೈನ್ ತೆಗೆದು ಆ್ಯಡ್‌ಪಾಲಿಸಿ ಬಳಸಿ.

ನಮ್ಮ ಆಫೀಸಿನಲ್ಲಿ ಅಮೆಜಾನ್ ಕ್ಲೌಡ್. ಇದೆಲ್ಲ ಉಪಯೋಗಕ್ಕೆ ಬರುತ್ತಾ?

ಬಿಲ್ಡರ್ ಭಾಗ ಪೂರ್ತಿ ಬರುತ್ತದೆ. ಅವರ ಜಾವಾ ಎಸ್‌ಡಿಕೆಯ ಎರಡನೆಯ ಆವೃತ್ತಿ ಮೇಲಿಂದ ಕೆಳಗೆ ಬಿಲ್ಡರೇ. ಅವರದೂ ಮುಂಬೈಯಲ್ಲಿ 2016ರಿಂದ ಕೇಂದ್ರ ಇದೆ. ಕ್ಲೌಡ್‌ಸರ್ಚ್ ಎಂಬ ಅವರ ಹಳೆಯ ಸೇವೆ 2024ರಿಂದ ಹೊಸ ಗ್ರಾಹಕರಿಗೆ ಮುಚ್ಚಿದೆ, ಓಪನ್‌ಸರ್ಚ್ ಹಿಡಿಯಿರಿ. ಅದರ ಬುಡದಲ್ಲಿ ಇರುವುದು ಲುಸೀನ್, ಹಾಗಾಗಿ ಸಿದ್ಧ ಕನ್ನಡ ಅನಲೈಸರ್ ಸಿಗುವುದಿಲ್ಲ. ಯೂನಿಕೋಡ್ ಕೆಲಸಕ್ಕೆಂದೇ ಇರುವ ಐಸಿಯು ಪ್ಲಗಿನ್‌ನಿಂದ ನಾರ್ಮಲೈಸೇಶನ್ ಆಗುತ್ತದೆ. ವಿಭಕ್ತಿ ಪ್ರತ್ಯಯದ ಕೆಲಸ ನಿಮ್ಮ ತಲೆಗೇ. ಅಲ್ಲಿ ನಾನು ಎಡ್ಜ್ ಎನ್-ಗ್ರಾಂ ಹಾಕಿಸುತ್ತೇನೆ: ಪದದ ಮೊದಲ ಮೂರರಿಂದ ಹತ್ತು ಚಿಹ್ನೆಗಳ ತುಣುಕುಗಳು ಇಂಡೆಕ್ಸ್‌ಗೆ ಹೋಗುತ್ತವೆ. ‘ಪುಸ್ತಕ’ ಎಂದು ಹುಡುಕಿದರೆ ‘ಪುಸ್ತಕಗಳಲ್ಲಿ’ ಕೂಡ ಸಿಗುತ್ತದೆ. ಹುಡುಕುವ ಬದಿಗೆ ಮಾತ್ರ ಅದೇ ಅನಲೈಸರ್ ಹಾಕಬೇಡಿ. ಹಾಕಿದರೆ ‘ಪುಸ್’ ಎಂದು ಶುರುವಾಗುವುದೆಲ್ಲ ಎದ್ದು ಬರುತ್ತದೆ.